ಸಂಪತ್ತಿನ ಹಂಚಿಕೆ: ಎಡದಂಡೆ ಕಾಲುವೆ ಕಲಿಸುವ ಪಾಠ

(ಕುಷ್ಟಗಿಯಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



'ಮಾರ್ಕ್ಸ್‌ವಾದವೋ, ಸಾಮಾಜಿಕ ಪ್ರಜಾಪ್ರಭುತ್ವವೋ?' ಎಂಬ ಪ್ರಶ್ನೆಯನ್ನು ಸಂಘಟಕರು ನನ್ನ ಮುಂದಿಟ್ಟಿದ್ದಾರೆ. ಈ ಚರ್ಚೆ ಸಾಮಾನ್ಯವಾಗಿ ಮಾಸ್ಕೋದಲ್ಲಿ ಆರಂಭವಾಗಿ ಸ್ಟಾಕ್‌ಹೋಮ್‌ನಲ್ಲಿ ಮುಗಿಯುತ್ತದೆ. ನಾನು ಅದನ್ನು ನಮ್ಮ ಮುನಿರಾಬಾದಿನಿಂದ ಆರಂಭಿಸಲು ಬಯಸುತ್ತೇನೆ.

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಯಾವುದೇ ಖಾಸಗಿ ಬಂಡವಾಳಗಾರನ ಸೊತ್ತಲ್ಲ. ಹಣ ಸಾರ್ವಜನಿಕರದ್ದು, ಬೆವರು ಕಾರ್ಮಿಕರದ್ದು. ಅದಕ್ಕಾಗಿ ಹಲವಾರು ಗ್ರಾಮಗಳು ನೀರಿನಲ್ಲಿ ಮುಳುಗಿದವು. ಎಡದಂಡೆ ಕಾಲುವೆಯನ್ನು ಯೋಜಿಸಿದವರ ಉದ್ದೇಶವೂ ನ್ಯಾಯಯುತವಾಗಿಯೇ ಇತ್ತು. ಕಡಿಮೆ ನೀರು ಬೇಡುವ ಬೆಳೆಗಳಿಗೆ ಆದ್ಯತೆ ನೀಡಿ, ಬರಪೀಡಿತ ನಾಡಿನ ಆದಷ್ಟು ಹೆಚ್ಚು ಹೊಲಗಳಿಗೆ ನೀರು ತಲುಪಿಸಬೇಕೆಂಬುದೇ ಆ ಉದ್ದೇಶ. ಆದರೆ ನಡೆದದ್ದೇನು? ಮೇಲ್ಭಾಗದಲ್ಲಿ ಬಲವುಳ್ಳವರು ಮಿತಿ ಮೀರಿ ಭತ್ತ ಬೆಳೆದರು. ಗಂಗಾವತಿ ಭತ್ತದ ಕಣಜವೆನಿಸಿತು, ಅಕ್ಕಿ ಗಿರಣಿಗಳು ಎದ್ದು ನಿಂತವು. ಕಾಲುವೆಯ ಕೊನೆಭಾಗದ ರೈತ ಮಾತ್ರ ಇಂದಿಗೂ ನೀರಿಗಾಗಿ ರಸ್ತೆಗಿಳಿಯುತ್ತಾನೆ.

ಇನ್ನು ಕುಷ್ಟಗಿ, ಯಲಬುರ್ಗಾಗಳಿಗೆ ಈ ಕಾಲುವೆ ಬರಲೇ ಇಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಇವೆರಡೂ ಸೇರಿದ್ದವು. ಇಲ್ಲಿನ ತಾಯಂದಿರು ಹಬ್ಬ ಮುಗಿದೊಡನೆ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಒಂದೇ ಜಿಲ್ಲೆಯೊಳಗಿನ ಈ ಅಂತರವನ್ನು ವಿಧಿಲಿಖಿತವೆಂದು ಕರೆಯುವುದು ಆತ್ಮವಂಚನೆಯಾಗುತ್ತದೆ.

ಇಲ್ಲಿ ಮಾರ್ಕ್ಸ್ ನೆನಪಾಗುತ್ತಾರೆ. 1875ರಲ್ಲಿ ಜರ್ಮನಿಯ ಕಾರ್ಮಿಕ ಪಕ್ಷದ ಗೋಥಾ ಕಾರ್ಯಕ್ರಮವನ್ನು ವಿಮರ್ಶಿಸುತ್ತಾ ಅವರು ಎರಡು ಮಾತುಗಳನ್ನು ಹೇಳಿದ್ದರು. ಸಂಪತ್ತಿಗೆ ಶ್ರಮ ಮಾತ್ರವಲ್ಲ, ಪ್ರಕೃತಿಯೂ ಮೂಲ ಎಂಬುದು ಒಂದು. ಉತ್ಪಾದನೆಯ ಸಾಧನಗಳು ಯಾರ ಕೈಯಲ್ಲಿವೆ ಎಂಬುದನ್ನು ಬಿಟ್ಟು ಬರೀ ಹಂಚಿಕೆಯ ಮಾತಾಡುವುದು ವ್ಯರ್ಥ ಎಂಬುದು ಇನ್ನೊಂದು. ಅವರ ಧರ್ಮವಿಮರ್ಶೆಯನ್ನು ನಾವು ಒಪ್ಪದಿರಬಹುದು, ಆದರೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. ಸರಕಾರವು ನೀರನ್ನು ಹಂಚಿತು, ಭೂಮಿಯನ್ನು ಹಂಚಲಿಲ್ಲ. ಆದ್ದರಿಂದ ನೀರಿನ ಲಾಭ ಭೂಮಿ ಇದ್ದವನನ್ನೇ ಹುಡುಕಿಕೊಂಡು ಹೋಯಿತು. 1974ರ ಭೂಸುಧಾರಣೆಯಿಂದ ಕರಾವಳಿಯ ಸಹಸ್ರಾರು ಗೇಣಿದಾರರು ಭೂಮಾಲೀಕರಾದರು. ಆದರೆ ಗೇಣಿಯ ಹಕ್ಕೂ ಇಲ್ಲದ ನಮ್ಮ ಕೂಲಿಕಾರನಿಗೆ ಆ ಕಾನೂನಿನಿಂದ ದೊರೆತದ್ದು ಅತ್ಯಲ್ಪ. 2020ರ ತಿದ್ದುಪಡಿಯಂತೂ ಕೃಷಿಕರಲ್ಲದವರೂ ಕೃಷಿಭೂಮಿ ಖರೀದಿಸಲು ದಾರಿ ತೆರೆಯಿತು.

ಹಾಗಾದರೆ ಎಲ್ಲವನ್ನೂ ಸರಕಾರಕ್ಕೆ ಒಪ್ಪಿಸಿದರೆ ನ್ಯಾಯ ದೊರೆಯುವುದೇ? ಮಾರ್ಕ್ಸ್‌ವಾದಿ ಮಿತ್ರರು ಇಲ್ಲಿ ನಮ್ಮ ಕಾಲುವೆಯ ಸಾಕ್ಷ್ಯವನ್ನು ಆಲಿಸಬೇಕು. ಅಣೆಕಟ್ಟು ಸರಕಾರದ್ದು, ಕಾಲುವೆ ಸರಕಾರದ್ದು, ತೂಬಿನ ಬೀಗವೂ ಸರಕಾರದ್ದೇ. ಆದರೂ ಬಲಿಷ್ಠನ ಗದ್ದೆಗೇ ನೀರು ಹರಿಯಿತು. ಒಡೆತನ ಬದಲಾದ ಮಾತ್ರಕ್ಕೆ ಅಧಿಕಾರ ಬದಲಾಗುವುದಿಲ್ಲ. ಅಲ್ಲದೆ ನಮ್ಮಲ್ಲಿ ವರ್ಗದ ಜೊತೆ ಜಾತಿಯೂ ಇದೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಸ್ಪೃಶ್ಯತೆಯ ಗೋಡೆ ಎದ್ದಿರುವಾಗ ಬಡವರೆಲ್ಲರೂ ಒಂದೇ ವರ್ಗವಾಗಿ ನಿಲ್ಲುವರೆಂದು ನಂಬುವುದು ಹೇಗೆ?

ಸಾಮಾಜಿಕ ಪ್ರಜಾಪ್ರಭುತ್ವದ ಹಾದಿ ಬೇರೆ. ಜರ್ಮನಿಯ ಅದೇ ಪಕ್ಷ 1959ರಲ್ಲಿ ಮಾರುಕಟ್ಟೆಯನ್ನು ಒಪ್ಪಿಕೊಂಡು, ತೆರಿಗೆ ಮತ್ತು ಕಲ್ಯಾಣ ಕಾರ್ಯಕ್ರಮಗಳ ಮೂಲಕ ಅಸಮಾನತೆಯನ್ನು ತಗ್ಗಿಸುವ ದಾರಿ ಹಿಡಿಯಿತು. ನಮ್ಮ ಪಡಿತರ, 2005ರ ಉದ್ಯೋಗ ಖಾತರಿ ಕಾಯಿದೆ, 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ, ಇವೆಲ್ಲವೂ ಇದೇ ಸಾಲಿನವು. ಇವುಗಳನ್ನು ಬಿಟ್ಟಿಭಾಗ್ಯವೆಂದು ಹಂಗಿಸುವವರು ಹಸಿವನ್ನು ಕಂಡವರಲ್ಲ. ಆದರೆ ಅಕ್ಕಿ ಸಿಕ್ಕಿದ ಮಾತ್ರಕ್ಕೆ ಗುಳೆ ನಿಲ್ಲಲಿಲ್ಲ ಎಂಬುದೂ ಸತ್ಯ. ಕಲ್ಯಾಣ ಯೋಜನೆ ಹಸಿವಿನಿಂದ ರಕ್ಷಿಸುತ್ತದೆ, ತೂಬಿನ ಬಳಿ ಮಾತಾಡುವ ಬಲವನ್ನು ತಾನಾಗಿ ಕೊಡುವುದಿಲ್ಲ. ಆ ಬಲ ಸಂಘಟನೆಯಿಂದ ಬರಬೇಕು. 1951ರಲ್ಲಿ ಕಾಗೋಡಿನ ಗೇಣಿದಾರರು ಸಮಾಜವಾದಿಗಳೊಂದಿಗೆ ಸೇರಿ ಸತ್ಯಾಗ್ರಹಕ್ಕೆ ಇಳಿದಿದ್ದರಿಂದಲೇ ಮುಂದೆ ಭೂಸುಧಾರಣೆಗೆ ನೆಲ ಹದವಾಯಿತು.

ಕೊನೆಯದಾಗಿ ನಮ್ಮನ್ನೇ ನಾವು ಪ್ರಶ್ನಿಸಿಕೊಳ್ಳೋಣ. ನಿಜಾಮರ ಆಳ್ವಿಕೆಯಲ್ಲಿ ಜಹಗೀರಿನ ಭಾರ ಹೊತ್ತ ರೈತನಿಗೆ ದೊರೆಯ ಧರ್ಮ ಯಾವುದೆಂಬುದರಿಂದ ಹೊಟ್ಟೆ ತುಂಬಲಿಲ್ಲ. ಇಂದು ನಮ್ಮಲ್ಲಿ ವ್ಯಾಪಾರಿಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ಜಮೀನುದಾರರಿದ್ದಾರೆ. ರಮಝಾನಿನಲ್ಲಿ ನಾವು ಶೇಕಡಾ ಎರಡೂವರೆ ಝಕಾತ್ ಲೆಕ್ಕ ಹಾಕುತ್ತೇವೆ. ಅದು ನಮ್ಮ ದಾನವಲ್ಲ, ಬಡವನ ಹಕ್ಕು. ಆದರೆ ವರ್ಷವಿಡೀ ಹಮಾಲನ ಕೂಲಿಯನ್ನು ಕತ್ತರಿಸಿ, ವರ್ಷಾಂತ್ಯದಲ್ಲಿ ಅವನಿಗೇ ಝಕಾತ್ ಕೊಟ್ಟರೆ ಅದು ಯಾವ ನ್ಯಾಯ? ಆಸ್ತಿ ಹಂಚಿಕೆಯ ಮಾತಾಡುವ ನಾವು ತಂದೆಯ ಹೊಲದಲ್ಲಿ ಸಹೋದರಿಗೆ ಶರೀಅತ್ ನಿಗದಿಪಡಿಸಿದ ಪಾಲನ್ನು ಕೊಟ್ಟಿದ್ದೇವೆಯೇ? ಈ ಎರಡು ಪ್ರಶ್ನೆಗಳಿಗೆ ಉತ್ತರಿಸಲು ಯಾವ ಸರಕಾರದ ಆದೇಶಕ್ಕೂ ಕಾಯಬೇಕಾಗಿಲ್ಲ.

ಆದ್ದರಿಂದ ನನ್ನ ಉತ್ತರ ಇಷ್ಟೆ. ಮಾರ್ಕ್ಸರ ಪ್ರಶ್ನೆಯನ್ನು ಬಿಡಬೇಡಿ. ಕಲ್ಯಾಣ ಯೋಜನೆಗಳನ್ನು ಕಳೆದುಕೊಳ್ಳಬೇಡಿ. ಇವೆರಡಕ್ಕೂ ಮೊದಲು, ನಿಮ್ಮ ಬಳಿ ದುಡಿಯುವವನ ಕೂಲಿಯನ್ನೂ ನಿಮ್ಮ ಸಹೋದರಿಯ ಪಾಲನ್ನೂ ಚುಕ್ತಾ ಮಾಡಿರಿ. ಕಾಲುವೆಯ ಕೊನೆಭಾಗದ ರೈತನಿಗಾಗಿ ದನಿಯೆತ್ತುವ ನೈತಿಕ ಹಕ್ಕು ಆಗ ಮಾತ್ರ ನಮಗೆ ದೊರೆಯುತ್ತದೆ.