ಬರೆಯ ಕೆಳಗಿನ ಬದುಕು: ಭೂಕುಸಿತ ತಡೆಯಲ್ಲಿ ನಿವಾಸಿಗಳ ಪಾಲು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಂದಿರಾನಗರ ಎಂದೊಡನೆ ಬೆಂಗಳೂರಿನ ನೂರಡಿ ರಸ್ತೆ ನೆನಪಾಗುವುದು ಸಹಜ. ಮಡಿಕೇರಿಯಲ್ಲಿಯೂ ಒಂದು ಇಂದಿರಾನಗರವಿದೆ. ಅಲ್ಲಿ ಮನೆಗಳು ನಿಂತಿರುವುದು ಗುಡ್ಡದ ಇಳಿಜಾರಿನಲ್ಲಿ. 2018ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಅಲ್ಲಿಯೂ ಚಾಮುಂಡೇಶ್ವರಿನಗರದಲ್ಲಿಯೂ ಬರೆ ಜರಿದು ಮನೆಗಳು ಕುಸಿದವು. ನಂತರದ ಮಳೆಗಾಲಗಳಲ್ಲಿಯೂ ಅಲ್ಲಿನ ನಿವಾಸಿಗಳಿಗೆ ಸುರಕ್ಷಿತ ಸ್ಥಳಕ್ಕೆ ತೆರಳುವಂತೆ ಸೂಚನೆ ನೀಡಲಾಗಿದೆ.

ಇದು ಪಟ್ಟಣದ ಸಮಸ್ಯೆ ಎಂದು ಪಂಚಾಯಿತಿಗಳು ಸುಮ್ಮನಿರುವಂತಿಲ್ಲ. ಸಮತಟ್ಟಾದ ನಿವೇಶನ ಕೊಳ್ಳಲಾಗದ ಕೂಲಿಕಾರ್ಮಿಕರು ಪಟ್ಟಣದ ಅಂಚಿನಲ್ಲಿ, ಅಂದರೆ ಗ್ರಾಮ ಪಂಚಾಯಿತಿಗಳ ಗುಡ್ಡಗಳ ಮೇಲೆ, ಮನೆ ಕಟ್ಟಿಕೊಳ್ಳುತ್ತಾರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ದೃಷ್ಟಿಯಲ್ಲಿ ಪಂಚಾಯಿತಿಯೂ ಸ್ಥಳೀಯ ಪ್ರಾಧಿಕಾರವೇ ಆಗಿದ್ದು, 41ನೇ ಕಲಮು ಅದರ ಕರ್ತವ್ಯಗಳನ್ನು ಸ್ಪಷ್ಟವಾಗಿ ಹೇಳುತ್ತದೆ.

ಗುಡ್ಡ ಕುಸಿಯಲು ಮಳೆಯೊಂದೇ ಕಾರಣವಲ್ಲ. ನಿವೇಶನಕ್ಕಾಗಿ ಇಳಿಜಾರನ್ನು ನೆಟ್ಟಗೆ ಕಡಿಯುವುದು, ಕಡಿದ ಮಣ್ಣನ್ನು ಕೆಳಬದಿಗೆ ಸುರಿಯುವುದು, ನೀರು ಹೊರಹೋಗಲು ರಂಧ್ರಗಳಿಲ್ಲದ ತಡೆಗೋಡೆ ಕಟ್ಟುವುದು, ಹಳೆಯ ತೋಡನ್ನು ಮುಚ್ಚುವುದು ಇವೆಲ್ಲವೂ ಕಾರಣಗಳು. ಮಣ್ಣಿನೊಳಗೆ ನೀರು ತುಂಬಿದಂತೆ ಅದರ ಹಿಡಿತ ಸಡಿಲಗೊಳ್ಳುತ್ತದೆ. 500 ಚದರಡಿಯ ಒಂದು ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು ಇಳಿಯುತ್ತದೆ. ಅಂತಹ ಐವತ್ತು ಮನೆಗಳ ನೀರು, ಜೊತೆಗೆ ಬಚ್ಚಲಿನ ನೀರು, ಚರಂಡಿಯಿಲ್ಲದೆ ಒಂದೇ ಗುಡ್ಡದೊಳಗೆ ಇಳಿದರೆ ಆಗುವ ಪರಿಣಾಮವನ್ನು ಊಹಿಸಬಹುದು. ಬಯಲುಸೀಮೆಯಲ್ಲಿ ಉಪಯುಕ್ತವಾದ ಇಂಗುಗುಂಡಿಯೇ ಕಡಿದಾದ ಬರೆಯ ನೆತ್ತಿಯ ಮೇಲೆ ಅಪಾಯಕ್ಕೆ ಹಾದಿಯಾಗುತ್ತದೆ. ಕಾಮಗಾರಿಗೆ ಅನುಮೋದನೆ ನೀಡುವ ಮುನ್ನ ಈ ವ್ಯತ್ಯಾಸವನ್ನು ಗಮನಿಸಬೇಕು.

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ಎಂಬ ಪುಟ್ಟ ದ್ವೀಪರಾಷ್ಟ್ರದಲ್ಲಿ 2004ರಿಂದೀಚೆಗೆ ಇಂತಹುದೇ ಗುಡ್ಡದ ಬಡಾವಣೆಗಳಲ್ಲಿ ಒಂದು ಪ್ರಯೋಗ ನಡೆಯಿತು. ತಜ್ಞರು ನಿವಾಸಿಗಳೊಡನೆ ಇಳಿಜಾರನ್ನು ನಡೆದು ನೋಡಿ, ನೀರು ಎಲ್ಲಿ ಉಕ್ಕುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅವರಿಂದಲೇ ಕೇಳಿ ನಕ್ಷೆ ಬರೆದರು. ಆ ನಕ್ಷೆಯಂತೆ ಚರಂಡಿಗಳು ನಿರ್ಮಾಣವಾದವು. ಮಾಡಿನ ನೀರು ಕೊಳವೆಯ ಮೂಲಕ ಅವುಗಳನ್ನು ಸೇರಿತು. ಕೂಲಿಯೂ ಬಡಾವಣೆಯವರಿಗೇ ದೊರೆಯಿತು. ಯಾವ ಮೂಲೆಯಲ್ಲಿ ಒಸರು ಏಳುತ್ತದೆ ಎಂಬುದು ಅಲ್ಲಿ ಹತ್ತು ಮಳೆಗಾಲ ಕಳೆದವರಿಗೆ ತಿಳಿದಷ್ಟು ಹೊರಗಿನವರಿಗೆ ತಿಳಿಯದು.

ಆದರೆ ತಿಳಿದವರು ಹೇಳಲು ಅಂಜುತ್ತಾರೆ. ಹಕ್ಕುಪತ್ರವಿಲ್ಲದ ಕುಟುಂಬವು ಗೋಡೆಯ ಬಿರುಕನ್ನು ತೋರಿಸಿದರೆ ಮನೆಯನ್ನೇ ತೆರವು ಮಾಡಿಸಬಹುದೆಂದು ಹೆದರುತ್ತದೆ. 94ಸಿ ಅಡಿಯಲ್ಲಿ ಸಕ್ರಮಕ್ಕೆ ಅರ್ಜಿ ಸಲ್ಲಿಸಿ ಕಾಯುತ್ತಿರುವವರ ಆತಂಕ ಇನ್ನೂ ಹೆಚ್ಚು. ಮುಚ್ಚಿಟ್ಟ ಬಿರುಕು ಆಗಸ್ಟ್ ತಿಂಗಳ ರಾತ್ರಿಯಲ್ಲಿ ಜೀವ ತೆಗೆಯುತ್ತದೆ. ಆದುದರಿಂದ ಅಪಾಯದ ಸಮೀಕ್ಷೆ ಬೇರೆ, ಒತ್ತುವರಿ ತೆರವು ಬೇರೆ ಎಂಬುದನ್ನು ವಾರ್ಡ್ ಸಭೆಯಲ್ಲಿ ಬಹಿರಂಗವಾಗಿ ಹೇಳಿ, ನಡಾವಳಿಯಲ್ಲಿ ದಾಖಲಿಸಬೇಕು. ಈ ನಂಬಿಕೆ ಹುಟ್ಟದೆ ಸಮುದಾಯದ ಸಹಭಾಗಿತ್ವವೆಂಬುದು ಹಾಜರಿ ಪುಸ್ತಕದ ಸಹಿಯಷ್ಟೇ ಆಗುತ್ತದೆ.

ಮುಂಗಾರಿಗೆ ಮುನ್ನ ಪ್ರತಿ ಪಂಚಾಯಿತಿ ಕೈಗೊಳ್ಳಬಹುದಾದ ಕಾರ್ಯಗಳು ಹೀಗಿವೆ:

1. ಏಪ್ರಿಲ್ ತಿಂಗಳೊಳಗೆ ಸದಸ್ಯರು, ಪಿಡಿಒ, ಸ್ವಸಹಾಯ ಸಂಘದ ಮಹಿಳೆಯರು ಮತ್ತು ನಿವಾಸಿಗಳು ಒಟ್ಟಾಗಿ ಇಳಿಜಾರನ್ನು ಸುತ್ತಿ ನೀರಿನ ನಕ್ಷೆ ತಯಾರಿಸುವುದು.

2. ಬರೆಯ ನೆತ್ತಿಯ ಚರಂಡಿ, ಮಾಡಿನ ನೀರಿನ ಕೊಳವೆ, ಮುಚ್ಚಿಹೋದ ತೋಡುಗಳ ತೆರವು ಇವುಗಳನ್ನು ಕ್ರಿಯಾ ಯೋಜನೆಯಲ್ಲಿ ಮೊದಲು ಸೇರಿಸುವುದು.

3. ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಏಕಾಏಕಿ ಕೆಂಪಾದ ಒಸರು, ಬಿಗಿಯಾಗಿ ಸಿಕ್ಕಿಕೊಳ್ಳುವ ಬಾಗಿಲು ಇವು ಅಪಾಯದ ಲಕ್ಷಣಗಳೆಂದು ಪ್ರತಿ ಮನೆಗೂ ತಿಳಿಸುವುದು.

4. ಪ್ರತಿ ಓಣಿಗೆ ಇಬ್ಬರು ನಿವಾಸಿಗಳನ್ನು ಗುರುತಿಸಿ, ಮಳೆಮಾಪನದ ಮಾಹಿತಿ ಅವರಿಗೆ ತಲುಪುವಂತೆಯೂ, ಅಪಾಯದ ಸುಳಿವು ಸಿಕ್ಕಾಗ ಅವರು 1077ಕ್ಕೆ ಕರೆ ಮಾಡುವಂತೆಯೂ ಏರ್ಪಾಡು ಮಾಡುವುದು.

5. ಕಾಳಜಿ ಕೇಂದ್ರದ ಸ್ಥಳವನ್ನು ನಿವಾಸಿಗಳೊಡನೆ ಮೊದಲೇ ನಿಗದಿಪಡಿಸಿ, ವೃದ್ಧರು, ಗರ್ಭಿಣಿಯರು ಹಾಗೂ ಜಾನುವಾರುಗಳನ್ನು ಸಾಗಿಸುವ ಹೊಣೆ ಹಂಚುವುದು.

ಚರಂಡಿಯಿಂದ ಎಲ್ಲ ಗುಡ್ಡವೂ ಉಳಿಯುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿಯೂ ನೆರೆಯ ವಯನಾಡಿನಲ್ಲಿಯೂ ಕಂಡಂತಹ ಕುಸಿತವನ್ನು ಓಣಿಯ ಚರಂಡಿ ತಡೆಯಲಾರದು. ಭೂವಿಜ್ಞಾನಿಗಳು ವಾಸಕ್ಕೆ ಯೋಗ್ಯವಲ್ಲವೆಂದು ಹೇಳಿದ ಕಡೆ ಪುನರ್ವಸತಿಯೇ ಮಾರ್ಗ. 2018ರ ನಂತರ ಕೊಡಗಿನ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸರ್ಕಾರ ಸಂತ್ರಸ್ತರಿಗೆ ಮನೆಗಳನ್ನು ಕಟ್ಟಿಕೊಟ್ಟಿತು. ಅಂತಹ ಸ್ಥಳವನ್ನು ಗುರುತಿಸುವಾಗ ಕೂಲಿ, ಶಾಲೆ, ಬಸ್ಸು ಎಷ್ಟು ದೂರ ಎಂಬುದನ್ನು ಹೋಗುವವರನ್ನೇ ಕೇಳುವುದು ಪಂಚಾಯಿತಿಯ ಕರ್ತವ್ಯ. ಕೇಳದೆ ಕಳುಹಿಸಿದವರು ದುಡಿಮೆಗಾಗಿ ಮತ್ತೆ ಅದೇ ಬರೆಯ ಕೆಳಗೆ ಮರಳುತ್ತಾರೆ.

ಮಳೆಯನ್ನು ನಿಲ್ಲಿಸುವುದು ಯಾರಿಗೂ ಸಾಧ್ಯವಿಲ್ಲ. ಅದು ಹರಿಯುವ ದಾರಿಯನ್ನು ನಿರ್ಧರಿಸುವುದು ಸಾಧ್ಯ. ಮುಂದಿನ ವಾರ್ಡ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಳ್ಳುವಂತೆ ಎಲ್ಲ ಸದಸ್ಯರಲ್ಲಿ ವಿನಂತಿ.