ನೆತ್ತರಿನ ಪಾಠಾಂತರ

ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ನಮ್ಮ ಹಾಸನ ಜಿಲ್ಲೆಗೆ ಮೀಸಲಾದುದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ತಾಲ್ಲೂಕುವಾರು ಶಾಸನಗಳಿಗೆ ಅಂಕಿ ಕೊಟ್ಟಿದ್ದಾರೆ. ಹೊಲದ ಬದುವಿನಲ್ಲಿ ಒಂಟಿಯಾಗಿ ನಿಂತ ಕಲ್ಲು ಆ ಪಟ್ಟಿಗೆ ಸೇರಿದ ಮೇಲೆ ಮಾತನಾಡತೊಡಗುತ್ತದೆ. ಅದೇ ಪಾಠ ಇನ್ನೊಂದು ಕಲ್ಲಿನಲ್ಲಿ ಸಿಕ್ಕರೆ ಅನುಮಾನ ತೀರುತ್ತದೆ. ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದ ನನಗೆ ಈ ಸಂಗತಿ ವೈದ್ಯರೊಬ್ಬರ ಕೊಠಡಿಯಲ್ಲಿ ನೆನಪಾದೀತೆಂದು ಎಣಿಸಿರಲಿಲ್ಲ.

ಹೊಳೆನರಸೀಪುರದಲ್ಲಿ ನನ್ನ ತಾಯಿಯ ಸೋದರಮಾವ ಹಾಲುಹಲ್ಲು ಬಿದ್ದ ಗಾಯದ ನೆತ್ತರು ನಿಲ್ಲದೆ ಏಳನೆಯ ವಯಸ್ಸಿಗೆ ತೀರಿಕೊಂಡರಂತೆ. ಅರಕಲಗೂಡಿನಲ್ಲಿದ್ದ ನನ್ನ ಅಕ್ಕನ ಮಗನಿಗೆ ಸುಮ್ಮನೆ ನಡೆದರೂ ಮೊಣಕಾಲು ಊದಿಕೊಳ್ಳುತ್ತಿತ್ತು. ನಾಗದೋಷವೆಂದರು, ಸೋದರಸಂಬಂಧದ ಮದುವೆಯ ಫಲವೆಂದರು. ಅಕ್ಕ ಆ ಮಾತನ್ನು ಬಹುಕಾಲ ನುಂಗಿಕೊಂಡೇ ಬಾಳಿದಳು. ಎರಡೂ ಸುಳ್ಳು. ಹಿಮೋಫಿಲಿಯಾ ಇಳಿದುಬರುವುದು ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ. ಬಹುಮಟ್ಟಿಗೆ ಹೆಣ್ಣು ಹೊರುತ್ತಾಳೆ, ಗಂಡು ನರಳುತ್ತಾನೆ. ಹೊತ್ತವಳಿಗೂ ಕೆಲವೊಮ್ಮೆ ರಕ್ತಸ್ರಾವ ತಪ್ಪದು. ಅಕ್ಕನ ಒಡಹುಟ್ಟಿದ ನನ್ನ ಪಾಲಿಗೆ ಮಾತ್ರ ತಪ್ಪಿಲ್ಲದ ಪ್ರತಿ ಬಂದಿತು. ಇದರಲ್ಲಿ ನನ್ನ ಪುಣ್ಯವೇನೂ ಇಲ್ಲ, ನಾಣ್ಯ ಚಿಮ್ಮಿದಂತೆ, ಅಷ್ಟೆ.

ರಕ್ತ ಹೆಪ್ಪುಗಟ್ಟಲು ‘ಫ್ಯಾಕ್ಟರ್ ಎಂಟು’ ಎಂಬ ಪ್ರೋಟೀನು ಬೇಕು. ಅದರ ವಂಶವಾಹಿಯನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1984ರಲ್ಲಿ. ಅದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ, ಸುಮಾರು 1,86,000 ಅಕ್ಷರಗಳ ಗ್ರಂಥ. ಲಿಪಿಕಾರನ ಕೈತಪ್ಪಿನಂತೆ ಒಂದಕ್ಷರ ಮಾರ್ಪಟ್ಟರೂ ಕೆಲವೊಮ್ಮೆ ಅನರ್ಥವಾಗಬಹುದು. ರೋಗ ತೀವ್ರವಾಗಿರುವವರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ಗ್ರಂಥದ ಒಂದು ಭಾಗವೇ ತಿರುವುಮುರುವಾಗಿ ಹೊಲಿದಂತಿರುತ್ತದೆ. ಇದು ಬೆಳಕಿಗೆ ಬಂದುದು 1993ರಲ್ಲಿ. ಉಳಿದವರಲ್ಲಿ ಹೆಚ್ಚುಕಡಮೆ ಮನೆಗೊಂದು ತಪ್ಪು. ಇಂಗ್ಲೆಂಡಿನ ಟಡೆನ್‌ಹ್ಯಾಮ್ ಮತ್ತು ಸಂಗಡಿಗರು ಇಂಥ ತಪ್ಪುಗಳನ್ನು ಕಲೆಹಾಕಿ 1991ರಲ್ಲಿ ಪಟ್ಟಿಯೊಂದನ್ನು ಅಚ್ಚುಹಾಕಿಸಿದರು. ಅಂಥ ಪಟ್ಟಿಗಳು ಬೆಳೆದು ಅಂತರಜಾಲವನ್ನೇರಿವೆ. ಎರಡು ಸಾವಿರಕ್ಕೂ ಮಿಕ್ಕ ಪಾಠಾಂತರಗಳು ಅಲ್ಲಿ ದಾಖಲಾಗಿವೆ. ಯಾವ ಅಕ್ಷರ, ಯಾವ ಸ್ಥಾನ, ರೋಗ ಎಷ್ಟು ತೀವ್ರ ಎಂಬುದೆಲ್ಲ ಇದೆ. ರೋಗಿಯ ಹೆಸರು ಮಾತ್ರ ಇಲ್ಲ. ಶಾಸನಗಳಲ್ಲಿ ದಾನಿಯ ಹೆಸರೇ ಮೊದಲು ಬರುವುದನ್ನು ಕಂಡವನಿಗೆ ಈ ಹೆಸರಿಲ್ಲದ ದಾನ ದೊಡ್ಡದೆನಿಸಿತು.

ಚನ್ನರಾಯಪಟ್ಟಣದ ಸೊಸೆಯಾದ ಅಕ್ಕನ ಮಗಳು, ಮಕ್ಕಳಾಗುವ ಮುನ್ನ, “ಮಾವ, ನನ್ನಲ್ಲೂ ಇದೆಯೇ?” ಎಂದು ಕೇಳಿದಳು. ತಾವೇ ಹಿಮೋಫಿಲಿಯಾ ಇರುವ ವೈದ್ಯರಾದ ಡಾ. ಸುರೇಶ್ ಹನಗವಾಡಿ ಅವರು ದಾವಣಗೆರೆಯಲ್ಲಿ ಕಟ್ಟಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ವಿಷಯ ಓದಿ ಧೈರ್ಯ ತಂದುಕೊಂಡಿದ್ದಳು. ಮೊದಲು ಅವಳ ಅಣ್ಣನ ರಕ್ತವನ್ನು ಓದಿಸಿದೆವು. ತಿರುವುಮುರುವು ಇರಲಿಲ್ಲ, ಒಂದೇ ಅಕ್ಷರ ಬದಲಾಗಿತ್ತು. ಆ ಬದಲಾವಣೆಯೇ ರೋಗಕ್ಕೆ ಕಾರಣವೋ, ಬರಿಯ ನಿರುಪದ್ರವಿ ಪಾಠಭೇದವೋ? ವೈದ್ಯರು ಗಣಕಯಂತ್ರದಲ್ಲಿ ಪಟ್ಟಿ ತೆರೆದರು. ಕಡಲಾಚೆಯ ಯಾವುದೋ ಮನೆಯಲ್ಲಿ ಅದೇ ಅಕ್ಷರ, ಅದೇ ಸ್ಥಾನ, ಅದೇ ತೀವ್ರತೆ. ಇನ್ನು ಹುಡುಗಿಯಲ್ಲಿ ನೋಡಬೇಕಾಗಿದ್ದುದು ಆ ಒಂದು ಅಕ್ಷರವನ್ನು ಮಾತ್ರ.

ಇತ್ತು. ಅವಳು ಅಳಲಿಲ್ಲ, ಅಕ್ಕ ಅತ್ತಳು.

ಈಗ ಅವಳಿಗೆ ಏಳು ತಿಂಗಳು. ಹೆರಿಗೆಯಲ್ಲಿ ಮಗುವಿನ ತಲೆಗೆ ಇಕ್ಕಳವಾಗಲಿ ಎಳೆಯುವ ಬಟ್ಟಲಾಗಲಿ ಹಾಕಬಾರದೆಂದೂ, ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ತೆಗೆಯಬೇಕೆಂದೂ ವೈದ್ಯರು ಅವಳ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅದರ ಒಂದು ಪ್ರತಿ ನನ್ನ ಜೇಬಿನಲ್ಲೂ ಇದೆ.