ಸಾಮಾಯಿಕದ ಮೊದಲ ದಿನಗಳು
(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಬಸದಿಯಲ್ಲಿ ಪದ್ಮಾಸನಸ್ಥ ಜಿನಬಿಂಬದ ದರ್ಶನ ಪಡೆದು ಬಂದಿದ್ದೀರಿ. ಆ ನಿಶ್ಚಲತೆಯನ್ನು ಕಂಡಾಗ ನಾವೂ ಹೀಗೆ ಕುಳಿತೇವೆಂಬ ಆಸೆ ಹುಟ್ಟುವುದು ಸಹಜ. ಆದರೆ ಮನೆಯಲ್ಲಿ ಕುಳಿತು ಹತ್ತು ನಿಮಿಷವಾಗುವುದರೊಳಗೆ ಕಾಲು ಜೋಮು ಹಿಡಿಯುತ್ತದೆ, ಸೊಂಟ ನೋಯುತ್ತದೆ, ಮೂಗಿನ ತುದಿ ತುರಿಸುತ್ತದೆ. 'ಇದು ನಮ್ಮಂಥವರಿಗಲ್ಲ' ಎಂದು ಏಳುವವರೇ ಬಹಳ. ನಾನೂ ಹಾಗೆ ಎದ್ದವನು. ಮತ್ತೆ ಕುಳಿತುಕೊಳ್ಳಲು ಎಷ್ಟೋ ವರ್ಷಗಳು ಹಿಡಿದವು. ನಿಮ್ಮ ವರ್ಷಗಳು ಹಾಗೆ ವ್ಯರ್ಥವಾಗದಿರಲೆಂದು ಈ ನಾಲ್ಕು ಮಾತು.

ಸಾಮಾಯಿಕದ ಕಾಲ ಎರಡು ಘಳಿಗೆ, ಅಂದರೆ 48 ನಿಮಿಷ. ಉತ್ತಮ ಸಂಹನನವುಳ್ಳವರಿಗೂ ಚಿತ್ತದ ಏಕಾಗ್ರತೆ ನಿಲ್ಲುವುದು ಅಂತರ್ಮುಹೂರ್ತದವರೆಗೆ ಮಾತ್ರವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ವಜ್ರದಂಥ ಶರೀರದವರಿಗೇ ಆ ಮಿತಿಯಿರುವಾಗ, ದಿನವಿಡೀ ಕಬ್ಬಿನ ಹೊಲದಲ್ಲಿ ದುಡಿದು ಬಂದವರ ಮನಸ್ಸು ನಾಲ್ಕು ಉಸಿರಿಗೇ ಜಾರಿದರೆ ನಾಚಿಕೆಯೇಕೆ?

ಆದ್ದರಿಂದ ಕಿರಿದರಿಂದ ತೊಡಗಿರಿ. ಬೆಳಗಿನ ಜಾವ, ಹೊಟ್ಟೆ ಹಗುರವಾಗಿರುವಾಗ, ಚಾಪೆಯ ಮೇಲೆ ಬಟ್ಟೆಯನ್ನು ದಪ್ಪವಾಗಿ ಮಡಿಸಿಟ್ಟು, ಸೊಂಟ ಮೊಣಕಾಲಿಗಿಂತ ತುಸು ಎತ್ತರವಾಗುವಂತೆ ಕುಳಿತುಕೊಳ್ಳಿರಿ. ಬೆನ್ನು ನೆಟ್ಟಗಿರಲಿ, ಬಿಗಿಯುವುದು ಬೇಡ. ಪದ್ಮಾಸನ ಸಾಧ್ಯವಾಗದಿದ್ದರೆ ಅರ್ಧಪದ್ಮಾಸನ. ಅದೂ ಆಗದಿದ್ದರೆ ಸುಖಾಸನ. ಮೊಣಕಾಲು ನೋವಿನ ಹಿರಿಯರಿಗೆ ಕುರ್ಚಿ. ಶ್ರವಣಬೆಳಗೊಳದ ಬಾಹುಬಲಿಸ್ವಾಮಿ ನಿಂತೇ ಇದ್ದಾನಲ್ಲವೇ? ಮೂರು ಉಸಿರಿಗೆ ಒಂದರಂತೆ ಒಂಬತ್ತು ಸಲ ಣಮೋಕಾರ ಜಪಿಸಿದರೆ 27 ಉಸಿರಿನ ಒಂದು ಕಾಯೋತ್ಸರ್ಗವಾಯಿತು. ಮೊದಲ ವಾರಕ್ಕೆ ಅಷ್ಟೇ ಸಾಕು.

ಇನ್ನು ದೇಹದ ಮಾತು. ಜೋಮು ಬರುವುದು ಮಡಿಸಿದ ಕಾಲಿನ ನರ ಒತ್ತಿಕೊಂಡಾಗ. ಕಾಲು ಚಾಚಿದರೆ ಇಳಿಯುತ್ತದೆ. ಅದು ಇಳಿಯುವ ಮುನ್ನ ಏಳಬಾರದು, ಬಿದ್ದೀರಿ. ಮೊಣಕಾಲಿನಲ್ಲಿ ಚುಚ್ಚುವ ನೋವು ಎದ್ದರೆ ಹಟ ಮಾಡದೆ ಆಸನ ಬದಲಿಸಿರಿ. ತುರಿಕೆಯದು ಬೇರೆ: ಕೈಯೆತ್ತದೆ ಕ್ಷಣಕಾಲ ನೋಡಿರಿ. ಅದು ಹುಟ್ಟುತ್ತದೆ, ಹೆಚ್ಚುತ್ತದೆ, ತಾನಾಗಿ ಅಡಗುತ್ತದೆ. ಕೆಲವೊಮ್ಮೆ ಮೈ ಬೆಚ್ಚಗಾದಂತೆ, ಹಗುರವಾದಂತೆ ತೋರುವುದುಂಟು. ಅದನ್ನು ಸಿದ್ಧಿಯೆಂದು ಹಿಗ್ಗಬೇಡಿರಿ. ಅದೂ ತುರಿಕೆಯಂತೆ ಬಂದು ಹೋಗುವಂಥದು.

ವೇದನೆ ಯಾವಾಗ ತೊಲಗೀತೆಂದು ಮತ್ತೆ ಮತ್ತೆ ಚಿಂತಿಸುವುದನ್ನು ಸೂತ್ರಕಾರರು ಆರ್ತಧ್ಯಾನದಲ್ಲಿ ಎಣಿಸಿದ್ದಾರೆ. ಗಮನಿಸಿರಿ, ನೋವು ಆರ್ತಧ್ಯಾನವಲ್ಲ. ಅದರ ಹಿಂದೆ ಹಲಬುವ ಮನಸ್ಸು ಆರ್ತಧ್ಯಾನ. 'ನೋಯುತ್ತಿರುವುದು ಕಾಯ, ಅರಿಯುತ್ತಿರುವವನು ನಾನು' ಎಂದು ಒಂದು ಉಸಿರಿನಷ್ಟು ಹೊತ್ತು ತಿಳಿದರೂ ಭೇದವಿಜ್ಞಾನದ ಹೊಸ್ತಿಲು ಮುಟ್ಟಿದಂತೆ.

ನನಗೆ ಇದನ್ನು ಕಲಿಸಿದ್ದು ಗ್ರಂಥವಲ್ಲ, ನನ್ನ ತಾಯಿ. ಕೊನೆಯ ಬೇನೆಯಲ್ಲಿ ಆಕೆಯ ಹಾಸಿಗೆಯ ಬಳಿ ಕುಳಿತು, 'ಅವ್ವಾ, ಬಹಳ ನೋವಾಗತೈತೇನು?' ಎಂದು ಕೇಳಿದೆ. 'ಮೈಗೆ ಆಗತೈತಪ್ಪಾ' ಎಂದಳು, ಅಷ್ಟೆ. ಓದುಬರಹ ಅರಿಯದ ಆಕೆ ದಿನವೂ ನಸುಕಿನಲ್ಲಿ ಮಾಲೆ ಹಿಡಿದು ಕುಳಿತದ್ದರ ಅರ್ಥ ನನಗೆ ಅಂದು ಹೊಳೆಯಿತು. ಆ ವರ್ಷವೇ ನಾನು ಮರಳಿ ಚಾಪೆ ಹಾಸಿದೆ.

ನಮಗೆಲ್ಲ ಆ ದಿನ ಬರಲಿದೆ. ಅಂದು ಬರುವ ದೊಡ್ಡ ನೋವಿಗೆ ಇಂದಿನ ಈ ಸಣ್ಣ ಜೋಮೇ ಮೊದಲ ಪಾಠ. ಬಿಂಬದ ಪ್ರತಿಷ್ಠೆ ಬಸದಿಯಲ್ಲಿ ನಡೆಯುತ್ತಿದೆ. ನಾಳೆ ನಸುಕಿನಲ್ಲಿ 27 ಉಸಿರಿನ ಪ್ರತಿಷ್ಠೆ ನಮ್ಮ ನಮ್ಮ ಮನೆಗಳಲ್ಲಿ ನಡೆಯಲೆಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.